ಬಾಯಿಗೆ ಬಾರದ ಹೆಸರು

ನಮ್ಮ ಬೀದರ್ ಕಡೆಯ ಹೆಣ್ಣುಮಕ್ಕಳಿಗೆ ಗಂಡನ ಹೆಸರನ್ನು ಬರಿದೇ ಹೇಳುವ ರೂಢಿಯಿಲ್ಲ. ಮನೆಯಲ್ಲಿ ‘ಇವ್ರು’, ಹೊರಗೆ ‘ನಮ್ಮನಿಯವ್ರು’, ಸಿಟ್ಟು ಬಂದಾಗ ‘ಪಲ್ಲವಿ ಅಪ್ಪ’. ಸೀಮಂತ, ತೊಟ್ಟಿಲು ಅಂತ ಹೆಂಗಸರು ಸೇರಿದಾಗ ಮಾತ್ರ ಬಾಗಿಲಿಗೆ ಅಡ್ಡ ನಿಂತು ‘ಹೆಸರು ಹೇಳಿ ಒಳಗ ಬಾ’ ಅಂತ ಪೀಡಿಸುತ್ತಾರೆ. ಆಗ ಒಡಪು ಹಾಕಬೇಕು. ಪ್ರಾಸ ಕೂಡಿಸಿ ಎರಡು ಸಾಲು ಕಟ್ಟಿ, ನಡುವೆ ಗಂಡನ ಹೆಸರು ಸೇರಿಸಿ ಹೇಳಿದರೆ ದಾರಿ ಬಿಡುತ್ತಾರೆ.

ಈ ವಿದ್ಯೆಯಲ್ಲಿ, ನಮ್ಮ ಕಡೆಯವರೇ ಹೆಚ್ಚಿರುವ ಹೈದರಾಬಾದಿನ ಸನತ್‌ನಗರದ ನಮ್ಮ ಗಲ್ಲಿಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಉಳಿದವರು ಅಜ್ಜಿಯರಿಂದ ಕಲಿತ ಬೆಳ್ಳಿ ಬಟ್ಟಲು, ಮಲ್ಲಿಗೆ ದಂಡೆಗಳನ್ನೇ ತಿರುಗಿಸಿ ಮುರುಗಿಸಿ ಹೇಳುತ್ತಿದ್ದರು. ನಾನು ನಿಂತ ಕಾಲ ಮೇಲೆ ಹೊಸದು ಕಟ್ಟುತ್ತಿದ್ದೆ. “ಕುಕ್ಕರ್ ಸೀಟಿ ಹೊಡೀತು, ಕಂಪನಿ ಭೋಂಗಾ ಕೂಗಿತು, ಮಲ್ಲಿಕಾರ್ಜುನ ರಾಯರು ಬರೂದ್ರಾಗ ರೊಟ್ಟಿ ಬುಟ್ಟಿ ತುಂಬಿತು” ಅಂದಾಗ ಹೆಂಗಸರು ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದರು. ಜಂಬದಿಂದಲೇ ಹೇಳುತ್ತಿದ್ದೇನೆ. ನನ್ನ ಹತ್ತಿರ ಬಂಗಾರ ಹೆಚ್ಚಿರಲಿಲ್ಲ, ಬಾಯಿ ಇತ್ತು.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣ, ನನ್ನ ಕಾಯಿಲೆಯ ಕಥೆ ಈ ರೂಢಿಯಲ್ಲೇ ಸಿಕ್ಕಿಹಾಕಿಕೊಂಡಿದೆ. ನನಗೆ ಫಿಟ್ಸ್ ಬರುತ್ತದೆ. ಪುಸ್ತಕದಲ್ಲಿ ಅಪಸ್ಮಾರ, ಊರಲ್ಲಿ ಮೂರ್ಛೆರೋಗ. ನಮ್ಮತ್ತೆ ಮಾತ್ರ ಅದರ ಹೆಸರೆತ್ತದೆ ‘ಅದು’ ಅನ್ನುತ್ತಾರೆ, ಗಂಡನ ಹೆಸರಿನ ಹಾಗೆಯೇ.

‘ಅದು’ ಮೊದಲು ಬಂದದ್ದು ನಾನು ಕೆಲಸ ಮಾಡುವ ಸೀರೆ ಅಂಗಡಿಯಲ್ಲಿ. ಗಿರಾಕಿಯ ಮುಂದೆ ಸೀರೆ ಬಿಡಿಸುತ್ತಿದ್ದೆ. ಹೊಟ್ಟೆಯೊಳಗಿಂದ ಏನೋ ಮೇಲೆದ್ದು ಬಂದಂತಾಯಿತು, ಎಲ್ಲಿಯೋ ರೊಟ್ಟಿ ಸೀದ ವಾಸನೆ ಬಂತು. ಮುಂದಿನದು ಗೊತ್ತಿಲ್ಲ. ಕಣ್ಣು ಬಿಟ್ಟಾಗ ಅಂಗಡಿಯ ಬಿಳಿ ಗಾದಿಯ ಮೇಲೆ ಬಿದ್ದಿದ್ದೆ. ಮುಷ್ಟಿಯಲ್ಲಿ ಮಾಲೀಕರು ತುರುಕಿದ ಬೀಗದ ಕೈ ಗೊಂಚಲು, ಮೂಗಿನ ಹತ್ತಿರ ಯಾರದೋ ಚಪ್ಪಲಿ, ಬಾಯಿತುಂಬ ರಕ್ತದ ರುಚಿ. ಎರಡನೆಯ ಸಲ ಬಂದದ್ದು ಮನೆಯಲ್ಲಿ, ಉರಿಯುವ ಒಲೆಯ ಮುಂದೆ. ಇವರು ಆ ಹೊತ್ತಿಗೆ ಮನೆಯಲ್ಲಿದ್ದು ನನ್ನನ್ನು ಹಿಂದಕ್ಕೆ ಎಳೆದದ್ದಕ್ಕೆ ಎಡಗೈಯ ಒಂದು ಸುಟ್ಟ ಕಲೆಯಲ್ಲಿ ಎಲ್ಲ ಮುಗಿಯಿತು. ಅದಾದ ಮೇಲೆ ಮಾವನನ್ನು ಹುಮನಾಬಾದಿನಲ್ಲೇ ಬಿಟ್ಟು ಅತ್ತೆ ನಮ್ಮ ಮನೆಗೆ ಬಂದು ನಿಂತರು.

ಆಸ್ಪತ್ರೆಯಲ್ಲಿ ತಲೆಗೆ ವಯರು ಅಂಟಿಸಿದರು, ಗುಂಯ್‌ಗುಡುವ ಯಂತ್ರದೊಳಗೆ ಮಲಗಿಸಿದರು, ಗುಳಿಗೆ ಬರೆದುಕೊಟ್ಟರು. ಫಿಟ್ಸ್ ನಿಂತೇಬಿಟ್ಟಿತು. ಅತ್ತೆ ದೇವರಿಗೆ ಕಾಯಿ ಒಡೆಸಿದರು. ಇವರು ಎಷ್ಟೋ ದಿನಗಳ ಮೇಲೆ ನೆಮ್ಮದಿಯಿಂದ ಕೆಲಸಕ್ಕೆ ಹೋದರು. ಗುಳಿಗೆಯನ್ನು ನಾನು ಬೈಯುವುದಿಲ್ಲ. ಆ ಹೊತ್ತಿನಲ್ಲಿ ಅದು ನನ್ನ ಜೀವ ಕಾದಿದೆ.

ಗುಳಿಗೆ ಶುರುವಾದ ಮೇಲೆ ಬೆರಳ ತುದಿಗಳಲ್ಲಿ ಇರುವೆ ಹರಿದಂತಾಗುತ್ತಿತ್ತು. ಸೋಡಾ ಕುಡಿದರೆ ಸಪ್ಪೆ. ಹಸಿವು ಕಡಿಮೆಯಾಗಿ ನಾನು ತೆಳ್ಳಗಾದೆ, ಗಲ್ಲಿಯವರು ‘ಏನ್ ತಿಂತೀರಿ ಹೇಳ್ರಿ, ನಾವೂ ತಿಂತೀವಿ’ ಅಂತ ಹೊಟ್ಟೆಕಿಚ್ಚು ಪಟ್ಟರು. ಇದೆಲ್ಲ ಆಗಬಹುದೆಂದು ಡಾಕ್ಟರು ಹೇಳಿದ್ದರು. ಮಾತು ತಡವರಿಸಿದರೂ ಬಂದು ಹೇಳಿ ಅಂದಿದ್ದರು. ಆದರೆ ನನ್ನ ಮಾತು ತಡವರಿಸುವುದೆಂದರೆ ಹುಸೇನ್ ಸಾಗರ ಬತ್ತುವುದೆಂದೇ ನಾವೆಲ್ಲ ನಕ್ಕಿದ್ದೆವು.

ಬತ್ತಿತು. ಒಬ್ಬ ಗಿರಾಕಿ ತೆಲುಗಿನಲ್ಲಿ “ವಂಕಾಯ ಕಲರ್ ಚೂಪಿಂಚಂಡಿ” ಅಂದರು. ಬದನೆಕಾಯಿ ಬಣ್ಣ. ಕೇಳಿದ್ದು ತಿಳಿಯಿತು, ಬಣ್ಣ ಕಣ್ಣ ಮುಂದೆ ಬಂತು. ಆದರೆ ಅಟ್ಟದ ಮೇಲಿದ್ದ ನನ್ನ ಜೊತೆಗಾತಿ ಸ್ವರೂಪಳನ್ನು ಕೂಗಿ ಆ ಸೀರೆ ಕೇಳಬೇಕೆನ್ನುವಷ್ಟರಲ್ಲಿ ಮಾತು ಮಾಯ. ತೆಲುಗು, ಹಿಂದಿ, ಕನ್ನಡ ಮೂರರಲ್ಲೂ ತಡಕಾಡಿದೆ, ಒಂದರಲ್ಲೂ ಸಿಗಲಿಲ್ಲ. “ಅದೇ, ಎಣ್ಣೆಗಾಯಿ ಮಾಡ್ತಾರಲ್ಲ, ಆ ಕಾಯಿ” ಅಂತ ಕೂಗಿದೆ. ಸ್ವರೂಪ ನಕ್ಕಳು, ಗಿರಾಕಿಯೂ ನಕ್ಕರು, ನಾನೂ ನಕ್ಕೆ. ಮರುವಾರ ಗಿಳಿಹಸಿರು ಹೋಯಿತು, ಆಮೇಲೆ ನವಿಲು ಬಣ್ಣ. ಮಾಲೀಕರು ನನ್ನನ್ನು ಗಿರಾಕಿಗಳ ಮುಂದಿನಿಂದ ಎಬ್ಬಿಸಿ ಸೀರೆ ಮಡಚಲು ಹಿಂದೆ ಕೂರಿಸಿದರು. ಬೇಸರದಿಂದಲೇ ಮಾಡಿದರು, ಆದರೂ ನನಗೆ ಅಳು ಬಂತು.

ಗಲ್ಲಿಯ ಒಂದು ತೊಟ್ಟಿಲ ಕಾರ್ಯದಲ್ಲಿ ಎದುರುಮನೆಯ ಲಕ್ಷ್ಮಕ್ಕ ಬಾಗಿಲಿಗೆ ಕೈ ಅಡ್ಡ ಹಿಡಿದು ಒಡಪು ಕೇಳಿದಾಗ ನಾನು ಸುಮ್ಮನೆ ನಿಂತೆ. ಪ್ರಾಸವೂ ಇಲ್ಲ, ಹೆಸರೂ ಇಲ್ಲ. “ಶೋಭಾಗ ಈಗ ಭಾಳ ಕಿಮ್ಮತ್ತು ಬಂದೈತಿ, ಬಾಯಿ ಬಿಡಂಗಿಲ್ಲ” ಅಂತ ಲಕ್ಷ್ಮಕ್ಕ ಮುಖ ತಿರುವಿದರು. ಅತ್ತೆಗೆ ಮಾತ್ರ ಒಳಗೊಳಗೇ ಹಿಗ್ಗು. ಬಜಾರಿ ಸೊಸೆ ಕಡೆಗೂ ಮರ್ಯಾದೆ ಕಲಿತಳು ಅಂದುಕೊಂಡಿದ್ದರು.

ಇಲ್ಲಿ ನೀವು ಕೇಳಬಹುದು, ಗಂಡನ ಹೆಸರು ಹೋಗಿದ್ದು ನಿನಗೇ ಗೊತ್ತಾಗಲಿಲ್ಲವೇ ಅಂತ. ದಿನಾ ಬಳಸದ ಪಾತ್ರೆ ಕಳೆದದ್ದು ಯಾರಿಗೆ ಬೇಗ ತಿಳಿಯುತ್ತದೆ? ‘ಇವ್ರು’ ಅಂದರೆ ಸಾಕಿತ್ತು. ಆ ದಿನ ಬಾಗಿಲಲ್ಲಿ ನಿಂತಾಗಲೂ ಮಂದಿಯ ಮುಂದೆ ಗಾಬರಿಯಾಯಿತೆಂದೇ ನನಗೆ ನಾನು ಹೇಳಿಕೊಂಡೆ.

ಆಸ್ಪತ್ರೆಯ ಮುಂದಿನ ಭೇಟಿಯಲ್ಲಿ ಡಾಕ್ಟರು ಅದು ಇದು ಕೇಳುತ್ತ, ಇವರ ಕಡೆ ಬೆರಳು ತೋರಿಸಿ, ಜೊತೆಗೆ ಬಂದವರು ಯಾರು ಅಂದರು. “ಮಾ ಆಯನ” ಅಂದೆ, ನಮ್ಮವರು ಅಂತ. ಹೆಸರೇನು ಅಂದರು. ನಾನು ಬಾಯಿ ತೆರೆದೆ, ಏನೂ ಬರಲಿಲ್ಲ. ಅಷ್ಟರಲ್ಲಿ ಅತ್ತೆ ಸೆರಗು ಸರಿಮಾಡಿಕೊಂಡು ತಮ್ಮ ಹಿಂದಿಯಲ್ಲಿ, “ಹಮಾರೇ ಮೇಂ ಮರದ್ ಕಾ ನಾಮ್ ನೈ ಲೇತೇ ಡಾಕ್ಟರ್ ಸಾಬ್” ಅಂದರು, ನಮ್ಮಲ್ಲಿ ಗಂಡನ ಹೆಸರು ಹೇಳುವುದಿಲ್ಲ ಅಂತ. ಡಾಕ್ಟರು ನಕ್ಕು, ನಮ್ಮ ಅಮ್ಮಮ್ಮನೂ ಹೀಗೇ, ತಾತನ ಹೆಸರನ್ನು ಒಮ್ಮೆಯೂ ಎತ್ತಿದವಳಲ್ಲ ಅಂದರು. ಅಂಗಡಿಯ ವಿಷಯ ಹೇಳಬೇಕೆಂದುಕೊಂಡು ಬಂದಿದ್ದೆ, ಅದನ್ನು ಹೇಳುವ ಮಾತೂ ಕೂಡಿ ಬರಲಿಲ್ಲ. ಫಿಟ್ಸ್ ಬಂದಿತ್ತೇ? ಇಲ್ಲ. ತುಂಬಾ ಒಳ್ಳೆಯದು. ಮೊದಲೇ ಅಂದುಕೊಂಡಂತೆ ಗುಳಿಗೆಯ ಪ್ರಮಾಣವನ್ನು ಇನ್ನೊಂದು ಮೆಟ್ಟಿಲು ಏರಿಸಿದರು. ಯಾರ ತಪ್ಪೂ ಅಲ್ಲ. ಒಳ್ಳೆಯ ಸೊಸೆಯ ಮೌನಕ್ಕೂ ಕಾಯಿಲೆಯವಳ ಮೌನಕ್ಕೂ ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ.

ನಿಜ ತಿಳಿದದ್ದು ಮಗಳ ಶಾಲೆಯ ಗೇಟಿನಲ್ಲಿ. ಅಲ್ಲಿಗೆ ಹೊಸ ಕಾವಲುಗಾರ್ತಿ ಬಂದಿದ್ದಳು. ಮಕ್ಕಳನ್ನು ಕರೆದೊಯ್ಯುವ ಕಾರ್ಡನ್ನು ನಾನು ಮನೆಯಲ್ಲೇ ಮರೆತಿದ್ದೆ. “ಪಾಪ ನಾನ್ನ ಪೇರೇಂಟಿ ಅಮ್ಮಾ?” ಅಂತ ಕೇಳಿದಳು. ಮಗುವಿನ ಅಪ್ಪನ ಹೆಸರು. ಸುಲಭದ ಪ್ರಶ್ನೆ. ನಾಚಿಕೆಪಡಲು ಅಲ್ಲಿ ಅತ್ತೆಯಿಲ್ಲ, ಗಲ್ಲಿಯ ಹೆಂಗಸರಿಲ್ಲ. ಹೇಳಬೇಕೆಂದು ನಿಜವಾಗಿ ಮನಸ್ಸು ಮಾಡಿದೆ. ಇವರ ಮುಖ ಕಂಡಿತು, ಮೀಸೆ ಕಂಡಿತು, ಕಂಪನಿಯ ನೀಲಿ ಅಂಗಿ ಕಂಡಿತು. ಹೆಸರಿದ್ದ ಜಾಗ ಖಾಲಿ. ನಲ್ಲಿ ತಿರುಗಿಸುತ್ತಲೇ ಇದ್ದೇನೆ, ನೀರಿಲ್ಲ.

ಸರಳಿನ ಹಿಂದಿನಿಂದ ಪಲ್ಲವಿ ತಾನೇ ಅಪ್ಪನ ಹೆಸರು ಹೇಳಿದಳು. “ನುವ್ವು ಕಾದು, ಮೀ ಅಮ್ಮ ಚೆಪ್ಪಾಲಿ,” ನೀನಲ್ಲ, ನಿಮ್ಮಮ್ಮ ಹೇಳಬೇಕು ಅಂದಳು ಕಾವಲುಗಾರ್ತಿ. ನಾನು ಇವರಿಗೆ ಫೋನ್ ಹಚ್ಚಿದೆ. ಪರದೆಯ ಮೇಲೆ ಮೂಡಿದ್ದು ‘ಪಲ್ಲವಿ ಅಪ್ಪ’. ಅದರಲ್ಲೂ ಹೆಸರಿಲ್ಲ, ಇವರು ಎತ್ತಲೂ ಇಲ್ಲ. ಅವಳು ಫೋನನ್ನೂ ನನ್ನನ್ನೂ ನೋಡಿ ಗೇಟಿಗೆ ಚಿಲಕ ಹಾಕಿದಳು. ನನ್ನ ಮಗು ಒಳಗೆ ಅಳುತ್ತಿದೆ, ನಾನು ಹೊರಗೆ ಮಕ್ಕಳ ಕಳ್ಳಿಯ ಹಾಗೆ ನಿಂತಿದ್ದೇನೆ. ಕೊನೆಗೆ ಒಬ್ಬ ಟೀಚರು ಗುರುತು ಹಿಡಿದು ಬಿಡಿಸಿದರು. ಕಾವಲುಗಾರ್ತಿ ಮಾಡಿದ್ದು ಸರಿಯೇ. ನನ್ನ ಮಗಳಿಗೆ ಅಂಥ ಕಾವಲೇ ಇರಲಿ.

ಮನೆಗೆ ಬಂದು ಎಲ್ಲ ಹೇಳಿದೆ. ಈ ಗುಳಿಗೆ ಬೇಡ, ಡಾಕ್ಟರಿಗೆ ಹೇಳಿ ಬದಲಿಸೋಣ ಅಂದೆ.

“ಹೆಸರು ಹೋದ್ರ ಯಾರೂ ಸಾಯಂಗಿಲ್ಲ. ಅದು ಬಂದ್ರ ಜೀವ ಹೋಗತೈತಿ” ಅಂದರು ಅತ್ತೆ. “ಮಾತು ಕಡಿಮಿ ಆದ್ರ ಏನಾತವ್ವ? ಮನಿ ತಣ್ಣಗೈತಿ.”

ಇವರು ನನ್ನ ಎಡಗೈ ಹಿಡಿದು ಕಲೆಯ ಮೇಲೆ ಹೆಬ್ಬೆರಳು ಇಟ್ಟರು. “ಒಲಿ ಮುಂದ ನಿನ್ನ ಹೆಂಗ ಎಳದೀನಿ, ನನಗ ಗೊತ್ತು. ಇನ್ನೊಮ್ಮಿ ನನಗ ಆಗಂಗಿಲ್ಲ ಶೋಭಾ.” ಆಮೇಲೆ ನನ್ನ ಕಡೆ ನೋಡದೆ ಕೇಳಿದರು. “ಖರೇನ ನನ್ನ ಹೆಸರು ಮರತೀಯೇನು?”

“ಮರತಿಲ್ರಿ. ಯಾರರ ಅಂದ್ರ ಗೊತ್ತಾಗತೈತಿ. ನನ್ನ ಬಾಯಿಗೆ ಬರವಲ್ದು.”

ಅವರು ಎದ್ದು ಹೊರಗೆ ಹೋದರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು. ಇದು ನಮ್ಮ ಮನೆಯ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಗುಳಿಗೆ ಇದ್ದರೆ ನಾನು ಬೀಳುವುದಿಲ್ಲ, ಆದರೆ ನಾನು ನಾನಾಗಿರುವುದಿಲ್ಲ. ನಮ್ಮಷ್ಟಕ್ಕೆ ನಾವೇ ಬಿಟ್ಟರೆ ಏನಾಗುತ್ತದೆಂದು ಡಾಕ್ಟರು ಮೊದಲ ದಿನವೇ ಬೆದರಿಸಿದ್ದರು. ಅದಕ್ಕೇ ಒಂದು ಹೊತ್ತೂ ತಪ್ಪಿಸದೆ, ಬೈದುಕೊಳ್ಳುತ್ತಲೇ ನುಂಗಿದೆ.

ಮುಂದಿನ ಭೇಟಿಯ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಮೂವರೂ ಸಾಲಾಗಿ ಕೂತೆವು. ಡಾಕ್ಟರ ಮುಂದೆ ಇವರು ಏನು ಹೇಳುತ್ತಾರೋ, ನನ್ನ ಬಾಯಿ ಕೈಕೊಡುತ್ತದೋ ಅಂತ ನನಗೆ ಅದೇ ಚಿಂತೆ. ಪಕ್ಕದಲ್ಲಿ ಗದ್ದಕ್ಕೆ ಹೊಲಿಗೆ ಹಾಕಿಸಿಕೊಂಡ ಮಗನ ಜೊತೆ ಒಬ್ಬ ತಾಯಿ ಇದ್ದರು. ಬಿಸ್ಕೀಟಿನ ಪೊಟ್ಟಣ ನನ್ನ ಕಡೆ ಚಾಚಿ, ಏನಮ್ಮಾ ನಿನ್ನ ಕಷ್ಟ ಅಂತ ತೆಲುಗಿನಲ್ಲಿ ಕೇಳಿದರು. ಮಾತು ಸಿಗುವುದಿಲ್ಲ ಅಂದೆ. ತಮ್ಮ ಮಗನಿಗೆ ಒಂದು ಗುಳಿಗೆಯಿಂದ ವಿಪರೀತ ಸಿಟ್ಟು ಬರುತ್ತಿತ್ತಂತೆ, ಹೇಳಿದ ಮೇಲೆ ಬದಲಿಸಿದರಂತೆ. “ಚೆಪ್ಪಕಪೋತೇ ವಾಳ್ಳಕಿ ಎಲಾ ತೆಲುಸ್ತುಂದಮ್ಮಾ?” ಅಂದರು. ಹೇಳದಿದ್ದರೆ ಅವರಿಗೆ ಹೇಗೆ ತಿಳಿಯುತ್ತದೆ? ಅಷ್ಟರಲ್ಲಿ ನಮ್ಮ ಸರದಿ ಬಂತು.

ಫಿಟ್ಸ್ ಬಂದಿತ್ತೇ ಅಂದರು ಡಾಕ್ಟರು. ಇಲ್ಲ ಅಂದರು ಇವರು. ಅಷ್ಟಕ್ಕೇ ನಿಲ್ಲಿಸಿದರು. ಡಾಕ್ಟರು ಖುಷಿಯಿಂದ ಚೀಟಿ ಬರೆಯಲು ಪೆನ್ನು ತೆಗೆದರು. ಈಗ ಅಲ್ಲದಿದ್ದರೆ ಇನ್ನು ಯಾವಾಗಲೂ ಅಲ್ಲ.

“ಸಾರ್, ಆಯನ ಪೇರು ನನ್ನು ಅಡಗಂಡಿ” ಅಂದೆ. ಅವರ ಹೆಸರು ನನ್ನನ್ನು ಕೇಳಿ.

ಡಾಕ್ಟರು ತಲೆಯೆತ್ತಿದರು. ಅತ್ತೆ ಮತ್ತೆ “ಹಮಾರೇ ಮೇಂ…” ಅಂತ ಶುರುಮಾಡಿದರು. ನಾನು ಅವರ ಕೈ ಹಿಡಿದೆ. “ಅತ್ತಿ, ಸುಮ್ಮನಿರ್ರಿ. ಇದು ರೂಢಿ ಅಲ್ಲ. ನಾ ನಾಚಾಕತ್ತಿಲ್ಲ. ನನಗ ಬರವಲ್ದು.” ಅವರ ಮಾತಿಗೆ ನಾನು ಅಡ್ಡ ಬಂದದ್ದು ಅದೇ ಮೊದಲು.

ಡಾಕ್ಟರು ಪೆನ್ನು ಕೆಳಗಿಟ್ಟರು. ಒಂದೊಂದೇ ಚಿತ್ರ ತೋರಿಸಿ ಹೆಸರು ಕೇಳಿದರು, ಯಾವ ಭಾಷೆಯಲ್ಲಾದರೂ ಸರಿ ಅಂದರು. ಕುರ್ಚಿ ಬಂತು. ಬೀಗ ಬಂತು. ಬಾಚಣಿಗೆಗೆ ತಲೆ ಬಾಚುವ ಹಾಗೆ ಕೈ ಆಡಿಸಿದೆ. ಮುಂದಿನ ಚಿತ್ರ ನೋಡಿ, “ಮಳಿ ಬಂದಾಗ…” ಅಂದು ಕೈ ಮೇಲಕ್ಕೆತ್ತಿ ಬಿಚ್ಚಿ ತೋರಿಸಿದೆ, ಅದಕ್ಕಿಂತ ಮುಂದೆ ಹೋಗಲಾಗಲಿಲ್ಲ. ಹಿಂದಿನಿಂದ ಅತ್ತೆ ತಡೆಯಲಾರದೆ “ಛತ್ರಿ” ಅಂದರು. ಹೇಳಿಕೊಡಬಾರದು ಅಂದರು ಡಾಕ್ಟರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಒಲೆಯ ಮುಂದಿನ ಬೆಂಕಿಯನ್ನು ಕಣ್ಣಾರೆ ಕಂಡ ಮನೆ ನಮ್ಮದು. ಮಾತು ಹೋದ ಈ ನಷ್ಟ ಅವರ ಕಣ್ಣಿಗೆ ಕಂಡದ್ದು ಆ ದಿನವೇ.

ಕಳೆದ ಸಲ ನಾನು ನಕ್ಕುಬಿಟ್ಟೆ, ಕೇಳಬೇಕಾಗಿತ್ತು ಅಂದರು ಡಾಕ್ಟರು. ಆ ಒಂದು ಮಾತಿಗೆ ನಾನು ಅವರನ್ನು ಇಂದಿಗೂ ಗೌರವಿಸುತ್ತೇನೆ. ಹಳೆಯ ಗುಳಿಗೆಯನ್ನು ನಿಧಾನಕ್ಕೆ ಇಳಿಸಿ, ಹೊಸದನ್ನು ನಿಧಾನಕ್ಕೆ ಏರಿಸಬೇಕು. ನಡುವೆ ಫಿಟ್ಸ್ ಮತ್ತೆ ಬರಬಹುದು. ಒಬ್ಬಳೇ ಒಲೆಯ ಮುಂದೆ ನಿಲ್ಲಕೂಡದು, ಮೆಟ್ಟಿಲಲ್ಲಿ ಎಚ್ಚರ, ಬಚ್ಚಲಿಗೆ ಚಿಲಕ ಹಾಕಕೂಡದು. ಬಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಕೈಗೆ ಏನೂ ತುರುಕಬೇಡಿ, ಹೊತ್ತು ನೋಡಿಕೊಳ್ಳಿ, ನಿಲ್ಲದಿದ್ದರೆ ಆಸ್ಪತ್ರೆಗೆ ಓಡಿ ಅಂದರು. ಇವರು ಒಂದೊಂದಕ್ಕೂ ತಲೆಯಾಡಿಸಿದರು, ಮುಖ ಮಾತ್ರ ಸುಣ್ಣ ಬಳಿದಂತಿತ್ತು.

ಮನೆಗೆ ಬಂದವರೇ ಇವರು ಬಚ್ಚಲ ಚಿಲಕ ಕಿತ್ತುಹಾಕಿದರು. ನಾನು ಒಳಗೆ ಬಿದ್ದರೆ ತೆರೆಯಲು ಆಗಲಿಕ್ಕಿಲ್ಲವೆಂದು ಬಾಗಿಲನ್ನೂ ತೆಗೆದು ನನ್ನ ಹಳೆಯ ಸೀರೆಯ ಪರದೆ ಕಟ್ಟಿದರು. ನಾನು ಸ್ನಾನಕ್ಕೆ ಹೋದಾಗ ಹೊರಗೆ ಮಣೆ ಹಾಕಿಕೊಂಡು ಅತ್ತೆ ಕೂರುತ್ತಿದ್ದರು.

“ಮಾತಾಡತಿರು. ಸುಮ್ಮನಾದ್ರ ನನಗ ಎದಿ ಒಡೀತೈತಿ.”

“ಏನ ಮಾತಾಡ್ಲಿರಿ?”

“ನನ್ನ ಮಗನ ಹೆಸರು ಕೂಗು. ಬರಲಿಲ್ಲಂದ್ರ ಬಕೀಟಿಗೆ ತಂಬಗಿ ಬಡಿ.”

ತಮ್ಮ ಗಂಡನ ಹೆಸರನ್ನು ಜನ್ಮದಲ್ಲಿ ಎತ್ತದ ಹೆಂಗಸು, ಸೊಸೆಗೆ ಹೀಗೆ ಅಪ್ಪಣೆ ಕೊಟ್ಟರು. ಮೊದಮೊದಲು ನಮ್ಮ ಬಚ್ಚಲಿನಿಂದ ತಂಬಿಗೆಯ ಸಪ್ಪಳವೇ ಕೇಳುತ್ತಿತ್ತು. ಪಕ್ಕದ ಮನೆಯವರು ಏನೆಂದುಕೊಂಡರೋ ದೇವರೇ ಬಲ್ಲ. ಹಳೆಯ ಗುಳಿಗೆ ಇಳಿದಂತೆ ಬೆರಳ ಇರುವೆಗಳು ಹೋದವು. ಒಂದು ದಿನ ತಲೆಗೆ ನೀರು ಸುರಿದುಕೊಂಡಾಗ “ಮಲ್ಲಿ” ಅಂತ ಅರ್ಧ ಬಂತು. ಅತ್ತೆ ಹೊರಗಿನಿಂದ “ಹೂಂ, ಮುಂದ” ಅಂದರು. ಮುಂದೆ ಬರಲಿಲ್ಲ. ಕೆಲವು ದಿನ ಬಿಟ್ಟು ಪೂರ್ತಿ ಬಂತು. ಹಲ್ಲುಜ್ಜುತ್ತಿದ್ದ ಇವರು ಗಾಬರಿಯಾಗಿ “ಏನಾತು?” ಅಂತ ಓಡಿಬಂದರು. ಆ ಮನೆಯಲ್ಲಿ ಹೆಂಡತಿಯ ದನಿಯಲ್ಲಿ ಅವರು ತಮ್ಮ ಹೆಸರು ಕೇಳಿದ್ದು ಬಹುಶಃ ಅದೇ ಮೊದಲು. ಏನೂ ಆಗಿಲ್ಲ ಅಂದೆ. ಅವರು ಪರದೆಯ ಆಚೆ ಬ್ರಷ್ ಹಿಡಿದು ಸುಮ್ಮನೆ ನಿಂತೇ ಇದ್ದರು.

ನಾವು ಗೆದ್ದೆವು ಅಂದುಕೊಂಡ ವಾರವೇ ಅದು ಬಂತು. ಸೀದ ರೊಟ್ಟಿಯ ವಾಸನೆ ಬಂದದ್ದು ನೆನಪಿದೆ. ಹೆಸರೂ ಕೂಗಲಿಲ್ಲ, ತಂಬಿಗೆಯೂ ಬಡಿಯಲಿಲ್ಲ. ಎಚ್ಚರವಾದಾಗ ಒದ್ದೆ ನೆಲದ ಮೇಲೆ ಪಕ್ಕಕ್ಕೆ ಹೊರಳಿ ಮಲಗಿದ್ದೆ, ತಲೆಯ ಕೆಳಗೆ ಅತ್ತೆಯ ಸೆರಗಿನ ಮಡಿಕೆ, ಮೈಮೇಲೆ ಪರದೆಯ ಸೀರೆ. ಮುಷ್ಟಿ ಬಿಚ್ಚಿ ನೋಡಿಕೊಂಡೆ, ಬೀಗದ ಕೈ ಇರಲಿಲ್ಲ.

ಆಸ್ಪತ್ರೆಗೆ ಫೋನ್ ಮಾಡಿದೆವು. ಬಂದು ತೋರಿಸಿ, ಹೊಸ ಗುಳಿಗೆ ಇನ್ನೂ ಸಾಕಷ್ಟು ಏರಿಲ್ಲ, ಏರಿಸಬೇಕಾಗುತ್ತದೆ ಅಂದರು. “ಹಳೇದ ಛಲೋ ಇತ್ತು” ಅಂದರು ಇವರು. ನನಗೂ ಹಾಗೇ ಅನ್ನಿಸಿತು. ಮೈಯೆಲ್ಲ ನೋವು, ನಾಲಿಗೆ ಕಚ್ಚಿ ಬಾತಿದೆ, ಪಲ್ಲವಿ ಮೂಲೆಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಾಳೆ. ನನಗೆ ಭಯವಾಗಿತ್ತು. ಬೀಳುವ ಭಯ, ಮಗಳ ಮುಂದೆ ಬೀಳುವ ಭಯ. “ಹಳೇ ಗುಳಿಗಿಗೇ ಹೋಗೂಣ್ರಿ. ಮಾತು ಹೋದ್ರ ಹೋಗಲಿ” ಅಂದೆ.

ಉತ್ತರ ಕೊಟ್ಟದ್ದು ಅತ್ತೆ. “ಹಳೇದಕ್ಕ ಹೋದ್ರ ಒಳಗಿಂದ ಏನ ಕೂಗತಿ? ನೀ ಅದೀ ಅಂತ ನಾ ಹೆಂಗ ತಿಳೀಲಿ?” ಇವರ ಕಡೆ ತಿರುಗಿದರು. “ಬಿದ್ರ ಹಿಡಿಯಾಕ ನಾ ಕಲತೀನಿ. ನೀನೂ ಕಲಿ.”

ಹೊಸ ಗುಳಿಗೆ ಏರಿತು. ಅದಾದ ಮೇಲೆ ದೊಡ್ಡದು ಬಂದಿಲ್ಲ. ಆಗಾಗ ಹೊಟ್ಟೆಯೊಳಗಿಂದ ಆ ಏಳುವಿಕೆ ಬರುತ್ತದೆ, ಎಲ್ಲಿದ್ದರೂ ನೆಲಕ್ಕೆ ಕೂತುಬಿಡುತ್ತೇನೆ, ಹಾದುಹೋಗುತ್ತದೆ. ಅಂಗಡಿಯಲ್ಲಿ ಮತ್ತೆ ಗಿರಾಕಿಗಳ ಮುಂದೆ ಬಂದಿದ್ದೇನೆ. ವಂಕಾಯ ವಾಪಸು ಬಂದಿದೆ. ಕೆಲವು ಬಣ್ಣ ಇನ್ನೂ ಸತಾಯಿಸುತ್ತವೆ, ಆಗ ಬೆರಳು ತೋರಿಸುತ್ತೇನೆ. ಮುಂದೆ ಏನೋ, ಡಾಕ್ಟರಿಗೂ ಗೊತ್ತಿಲ್ಲ. ನಿಮ್ಮ ಮನೆಯಲ್ಲಿ ಇಂಥ ಗುಳಿಗೆ ನುಂಗುವವರು ಇದ್ದಕ್ಕಿದ್ದಂತೆ ಶಾಂತರಾದರೆ ಮೆಚ್ಚಿಕೊಳ್ಳುವ ಮೊದಲು ಒಮ್ಮೆ ಕೇಳಿನೋಡಿ.

ಮೊನ್ನೆ ಲಕ್ಷ್ಮಕ್ಕನ ಮಗಳ ಸೀಮಂತ. ಅಷ್ಟರಲ್ಲಿ ಅತ್ತೆ ತಾವಾಗಿಯೇ ಗಲ್ಲಿಯವರಿಗೆ ‘ಅದರ’ ವಿಷಯ ಹೇಳಿದ್ದರು, ಫಿಟ್ಸ್ ಅಂತ ಹೆಸರಿಟ್ಟೇ. ಆದರೂ ರೂಢಿ ರೂಢಿಯೇ. ಲಕ್ಷ್ಮಕ್ಕ ಬಾಗಿಲಿಗೆ ಕೈ ಅಡ್ಡ ಹಿಡಿದರು, ಈ ಸಲ ಸ್ವಲ್ಪ ಅಳುಕುತ್ತಲೇ. ಹೆಂಗಸರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ. ಬೆನ್ನ ಹಿಂದೆಯೇ ಅತ್ತೆ ಇದ್ದರು, ಹೇಳಿಕೊಡಲಿಲ್ಲ. ಪ್ರಾಸಕ್ಕೆ ತಡಕಾಡಿದೆ. ಕುಕ್ಕರಿಲ್ಲ, ಭೋಂಗಾ ಇಲ್ಲ, ಒಂದೂ ಹತ್ತಿರ ಸುಳಿಯಲಿಲ್ಲ. ಎಷ್ಟು ಹೊತ್ತು ನಿಂತೆನೋ.

“ಮಲ್ಲಿಕಾರ್ಜುನ” ಅಂದೆ.

ಯಾರೋ ಹಿಂದಿನಿಂದ “ಬರೇ ಹೆಸರಾ? ಒಡಪು ಎಲ್ಲಿ?” ಅಂದರು.

ಅತ್ತೆ ನನ್ನನ್ನು ದಾಟಿ ಮುಂದೆ ಬಂದು ಲಕ್ಷ್ಮಕ್ಕನ ಕೈಯನ್ನು ಬಾಗಿಲಿನಿಂದ ಸರಿಸಿದರು.

“ಹೆಸರು ಬಂದೈತಿ. ದಾರಿ ಬಿಡ್ರಿ.”